ಹನ್ನೆರಡರ ಸಾಲಿನಲ್ಲಿ ಅರವತ್ತು: ಒಂದು ವರ್ಗೀಕರಣದ ಪ್ರಕರಣ

ಧಾರವಾಡದಲ್ಲಿ ಎಂ.ಎಸ್‌ಸಿ. ಗಣಿತ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ವರದಿಯಲ್ಲಿ ಎರಡೇ ಸಾಲಿನ ಒಂದು ಕೋಷ್ಟಕವಿತ್ತು. ಮೊದಲ ಸಾಲಿನಲ್ಲಿ ಸಮ್ಮಿತಿಗಳು 36, ಗಣಗಳು 10. ಎರಡನೆಯದರಲ್ಲಿ ಸಮ್ಮಿತಿಗಳು 12, ಗಣಗಳು 60. ಅದರ ಕೆಳಗೆ ತೀರ್ಮಾನ: 7ನೇ ದರ್ಜೆಯ ಸಮತಲದಲ್ಲಿ ಆರು ಬಿಂದುಗಳ ಆರ್ಕ್‌ಗಳು (ಯಾವ ಮೂರೂ ಒಂದೇ ರೇಖೆಯ ಮೇಲಿರದ ಬಿಂದುಗಣಗಳು) ಎರಡು ಬಗೆ.

ಪ್ರೋಗ್ರಾಮ್ ಚೆನ್ನಾಗಿಯೇ ಓಡಿತ್ತು. 10 ಮತ್ತು 60 ಸೇರಿದರೆ 70. ಒಟ್ಟು 70 ಬರಬೇಕೆಂದು ಆಕೆ ಕೈಯಿಂದಲೂ ಲೆಕ್ಕ ಹಾಕಿದ್ದಳು, ಆ ಲೆಕ್ಕವೂ ಸರಿಯಾಗಿತ್ತು. ತೀರ್ಮಾನ ಮಾತ್ರ ತಪ್ಪು. ಅಲ್ಲಿರುವುದು ಮೂರು ಬಗೆ. ತಪ್ಪನ್ನು ಹಿಡಿಯಲು ಕಂಪ್ಯೂಟರಾಗಲಿ ಗ್ರಂಥಾಲಯವಾಗಲಿ ಬೇಕಾಗಿರಲಿಲ್ಲ. ಎರಡನೆಯ ಸಾಲು ತನ್ನನ್ನು ತಾನೇ ಅಲ್ಲಗಳೆಯುತ್ತಿತ್ತು. ಸಲ್ಲಿಸುವ ಮುನ್ನ ಒಮ್ಮೆ ಕಣ್ಣಾಡಿಸಿ ಎಂದು ಮಾರ್ಗದರ್ಶಕರು ಕರಡನ್ನು ನನ್ನ ಕೈಗಿತ್ತದ್ದರಿಂದ ಈ ಪ್ರಕರಣವನ್ನು ಹತ್ತಿರದಿಂದ ನೋಡುವುದು ಸಾಧ್ಯವಾಯಿತು. ಪ್ರೋಗ್ರಾಮ್ ಬರೆದು ವರ್ಗೀಕರಣ ಮಾಡುವವರು ಹೆಚ್ಚುತ್ತಿರುವ ಈ ದಿನಗಳಲ್ಲಿ ಅದನ್ನು ಪೂರ್ತಿ ಬರೆದಿಡುವುದು ಉಪಯುಕ್ತವೆನಿಸಿತು.

ಸಮತಲ, ಆರ್ಕ್, ಬಗೆ

7ನೇ ದರ್ಜೆಯ ಪ್ರಕ್ಷೇಪ ಸಮತಲದಲ್ಲಿ ಇರುವುದು ಕೇವಲ 57 ಬಿಂದುಗಳು, 57 ರೇಖೆಗಳು. ಪ್ರತಿ ರೇಖೆಯ ಮೇಲೆ 8 ಬಿಂದು, ಪ್ರತಿ ಬಿಂದುವಿನ ಮೂಲಕ 8 ರೇಖೆ. ಎರಡು ಬಿಂದುಗಳನ್ನು ಸೇರಿಸುವ ರೇಖೆ ಒಂದೇ. ಎರಡು ರೇಖೆಗಳು ಸಂಧಿಸುವ ಬಿಂದುವೂ ಒಂದೇ. ಸಮಾಂತರ ರೇಖೆಗಳಿಗೆ ಇಲ್ಲಿ ಜಾಗವಿಲ್ಲ. ಬಿಂದುವನ್ನು (x, y, z) ಎಂದು ಮೂರು ಸಂಖ್ಯೆಗಳಿಂದ ಬರೆಯುತ್ತೇವೆ. ಸಂಖ್ಯೆಗಳು 0ಯಿಂದ 6ರವರೆಗೆ ಮಾತ್ರ. ಕೂಡಿ ಗುಣಿಸಿದ ಮೇಲೆ 7ರಿಂದ ಭಾಗಿಸಿ ಶೇಷವನ್ನು ಇಟ್ಟುಕೊಳ್ಳಬೇಕು. ಮೂರನ್ನೂ ಸೊನ್ನೆಯಲ್ಲದ ಒಂದೇ ಸಂಖ್ಯೆಯಿಂದ ಗುಣಿಸಿದರೆ ಬಿಂದು ಬದಲಾಗುವುದಿಲ್ಲ. ಸೊನ್ನೆಗಳ ತ್ರಿವಳಿಯನ್ನು ಬಿಟ್ಟರೆ 342 ತ್ರಿವಳಿಗಳು; 6ರಿಂದ ಭಾಗಿಸಿದರೆ 57.

ಯಾವ ಮೂರು ಬಿಂದುಗಳೂ ಒಂದೇ ರೇಖೆಯ ಮೇಲಿರದ ಬಿಂದುಗಣಕ್ಕೆ ಆರ್ಕ್ ಎನ್ನುತ್ತಾರೆ. ಇಂಥ ಗಣ ಎಷ್ಟು ದೊಡ್ಡದಾಗಬಹುದು ಎಂಬ ಪ್ರಶ್ನೆಗೆ 1947ರಲ್ಲಿ ಉತ್ತರ ಕೊಟ್ಟವರು ನಮ್ಮವರೇ ಆದ ರಾಜಚಂದ್ರ ಬೋಸ್. ದರ್ಜೆ q ಬೆಸವಾದರೆ q+1, ಸಮವಾದರೆ q+2. ಬೋಸ್ ಅವರಿಗೆ ಈ ಪ್ರಶ್ನೆ ಬಂದದ್ದು ರೇಖಾಗಣಿತದ ಮೋಹದಿಂದಲ್ಲ, ಪ್ರಯೋಗ ವಿನ್ಯಾಸದಿಂದ: ಹಲವು ಅಂಶಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಯಾವುದರ ಪರಿಣಾಮ ಯಾವುದರೊಂದಿಗೂ ಕಲಸಿಹೋಗದಂತೆ ಏರ್ಪಾಟು ಮಾಡುವುದು ಹೇಗೆ? ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಹೊಲದಲ್ಲಿ ತಳಿ, ಗೊಬ್ಬರ, ನೀರು ಮೂರನ್ನೂ ಒಮ್ಮೆಗೇ ಪರೀಕ್ಷಿಸಲು ತಾಕುಗಳನ್ನು ಹಂಚುವವರಿಗೆ ಇದು ದಿನನಿತ್ಯದ ತಲೆನೋವು.

ಬೆಸ ದರ್ಜೆಯಲ್ಲಿ q+1 ಬಿಂದುಗಳ ಆರ್ಕ್ ಎಂದರೆ ಶಾಂಕವವೇ (x, y, zಗಳ ಎರಡನೇ ಘಾತದ ಸಮೀಕರಣ ಕೊಡುವ ವಕ್ರರೇಖೆ), ಬೇರೆ ಇಲ್ಲ. ಫಿನ್ಲೆಂಡಿನ ಯಾರ್ನೆಫೆಲ್ಟ್ ಮತ್ತು ಕುಸ್ತಾನ್‌ಹೈಮೊ 1949ರಲ್ಲಿ ಹೀಗೆ ಊಹಿಸಿದ್ದರು. ಇಟಲಿಯ ಬೆನಿಯಾಮಿನೊ ಸೆಗ್ರೆ ಸಾಧಿಸಿದ್ದು 1955ರಲ್ಲಿ ಪ್ರಕಟವಾಯಿತು. ಒಂದು ಬೀಜಗಣಿತದ ವಸ್ತುವನ್ನು ಬರಿಯ ಎಣಿಕೆಯ ನಿಯಮದಿಂದ ಗುರುತಿಸಬಹುದೆಂಬ ಈ ಪ್ರಮೇಯವನ್ನು ಇಷ್ಟು ಸಲೀಸಾಗಿ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುವುದು ಅನ್ಯಾಯವೇ. ಆದರೆ ನಮ್ಮ ಪ್ರಕರಣ ದೊಡ್ಡ ಆರ್ಕ್‌ನದಲ್ಲ, ನಡುವಿನದು.

ಬಗೆ ಎಂದರೇನು? ರೇಖೆಗಳನ್ನು ರೇಖೆಗಳಾಗಿಯೇ ಉಳಿಸುವ 56,30,688 ರೂಪಾಂತರಗಳು ಈ ಸಮತಲಕ್ಕಿವೆ. ಒಂದು ಆರ್ಕ್ ಅನ್ನು ಇನ್ನೊಂದಕ್ಕೆ ಒಯ್ಯುವ ರೂಪಾಂತರ ಇದ್ದರೆ ಎರಡೂ ಒಂದೇ ಬಗೆ. ಆರ್ಕ್ ಅನ್ನು ಅದರೊಳಕ್ಕೇ ಒಯ್ಯುವ ರೂಪಾಂತರಗಳು ಅದರ ಸಮ್ಮಿತಿಗಳು. ಇಲ್ಲಿ ಒಂದು ಸಂಗತಿ ಎಲ್ಲ ಕೆಲಸವನ್ನೂ ಹಗುರ ಮಾಡುತ್ತದೆ: ಯಾವ ಮೂರೂ ಒಂದೇ ರೇಖೆಯ ಮೇಲಿರದ ನಾಲ್ಕು ಬಿಂದುಗಳನ್ನು ಕ್ರಮವಾಗಿ (1,0,0), (0,1,0), (0,0,1), (1,1,1) ಎಂಬ ನಾಲ್ಕು ಪ್ರಮಾಣ ಬಿಂದುಗಳಿಗೆ ಒಯ್ಯುವ ರೂಪಾಂತರ ಒಂದು ಇದ್ದೇ ಇರುತ್ತದೆ, ಒಂದೇ ಒಂದು ಇರುತ್ತದೆ.

ಆಕೆ ಮಾಡಿದ ಕೆಲಸ

ಆದ್ದರಿಂದ ಆಕೆ ಪ್ರಮಾಣದ ನಾಲ್ಕು ಬಿಂದುಗಳನ್ನು ಸ್ಥಿರವಾಗಿಟ್ಟು, ಉಳಿದ ಎರಡನ್ನು ಮಾತ್ರ ಹುಡುಕಿದಳು. ಐದನೆಯ ಬಿಂದು (1, a, b) ರೂಪದಲ್ಲಿರಬೇಕು. ಇಲ್ಲಿ a, b ಎರಡೂ 2ರಿಂದ 6ರೊಳಗೆ, ಒಂದಕ್ಕೊಂದು ಸಮವಲ್ಲ. ಇಂಥವು 20. ಪ್ರತಿಯೊಂದಕ್ಕೂ ಜೊತೆಯಾಗಬಲ್ಲ ಆರನೆಯ ಬಿಂದುಗಳು 7. ಜೋಡಿಗಳು 20×7÷2, ಅಂದರೆ 70. ಇದು ಆಕೆಯ ಕೈಲೆಕ್ಕ. ಪ್ರೋಗ್ರಾಮ್ ಕೊಟ್ಟದ್ದೂ 70.

ಆಮೇಲೆ ಪ್ರತಿ ಆರ್ಕ್‌ನ ಸಮ್ಮಿತಿಗಳ ಎಣಿಕೆ. ಆರು ಬಿಂದುಗಳಿಂದ ನಾಲ್ಕನ್ನು ಕ್ರಮಬದ್ಧವಾಗಿ ಆರಿಸುವ ರೀತಿಗಳು 6×5×4×3, ಅಂದರೆ 360. ಪ್ರತಿ ಆಯ್ಕೆಯನ್ನೂ ಪ್ರಮಾಣ ಬಿಂದುಗಳಿಗೆ ಒಯ್ದು, ಮೊದಲಿನ ಆರ್ಕ್ ಹಾಗೆಯೇ ಮರಳಿತೇ ಎಂದು ನೋಡುವುದು. ಮರಳಿದರೆ ಎಣಿಕೆಗೆ ಒಂದು ಸೇರಿಸುವುದು, ಇಲ್ಲದಿದ್ದರೆ ಬಿಡುವುದು. ಇದೂ ನಿರ್ದೋಷ. ಬಂದ ಸಂಖ್ಯೆಯನ್ನೇ ಆಕೆ ಪೈಥಾನ್ ಭಾಷೆಯ ಡಿಕ್ಷನರಿಗೆ (ಕೊಟ್ಟ ಕೀಲಿಯ ಪ್ರಕಾರ ವಿಂಗಡಿಸಿಡುವ ಪಟ್ಟಿಗೆ) ಕೀಲಿಯಾಗಿ ಕೊಟ್ಟಳು. 36 ಬಂದವೆಲ್ಲ ಒಂದು ಬುಟ್ಟಿಗೆ, 12 ಬಂದವೆಲ್ಲ ಇನ್ನೊಂದಕ್ಕೆ. ಬುಟ್ಟಿಗಳು ಎರಡು, ಆದ್ದರಿಂದ ಬಗೆಗಳೂ ಎರಡು. ತಪ್ಪು ನಡೆದದ್ದು ಈ ಕೊನೆಯ ಹೆಜ್ಜೆಯಲ್ಲಿ.

ಸಪ್ತಾಪುರದ ಬಾಡಿಗೆ ಕೋಣೆಯಲ್ಲಿ ಕುಳಿತು ಇಷ್ಟನ್ನು ಬರೆದ ಹುಡುಗಿಯ ಬಗ್ಗೆ ನನಗೆ ಮೆಚ್ಚುಗೆಯೇ ಹೆಚ್ಚು. ಅಂತರಜಾಲದಲ್ಲಿ ಸಿಗುವ ಸಿದ್ಧ ತಂತ್ರಾಂಶಕ್ಕೆ ಒಪ್ಪಿಸಿ ಉತ್ತರ ತಂದಿದ್ದರೆ ಅಂಕಗಳು ಅಷ್ಟೇ ಬರುತ್ತಿದ್ದವು.

60 ಎಲ್ಲಿಂದ ಬಂತು

ಕರಡಿನ ಅಂಚಿನಲ್ಲಿ ನಾನು ಪೆನ್ಸಿಲಿನಿಂದ 360÷36 = 10, 360÷12 = 30 ಎಂದು ಬರೆದಿದ್ದೆ. ಚಿಗರಿ ಬಸ್ಸಿನಿಂದ ಇಳಿದವಳೇ ನೇರ ಬಂದಿದ್ದ ಆಕೆ ಅದನ್ನು ನೋಡಿ, "ಸರ್, ಒಟ್ಟು 70 ಸರಿಯಾಗಿಯೇ ಬಂದಿದೆಯಲ್ಲ?" ಎಂದಳು.

"ಒಟ್ಟು ಸರಿ ಇದೆ ತಂಗಿ. 12 ಸಮ್ಮಿತಿ ಇರುವ ಒಂದು ಬಗೆಗೆ 60 ಆರ್ಕ್ ಹೇಗೆ ಬಂದವು, ಅದನ್ನು ಹೇಳು."

ಆಕೆ ಸ್ವಲ್ಪ ಹೊತ್ತು ಸುಮ್ಮನೆ ಲೆಕ್ಕ ಹಾಕಿ, "30 ಇರಬೇಕಿತ್ತು" ಎಂದಳು. ನಾನು ವಿವರಿಸಬೇಕಾಗಿ ಬರಲಿಲ್ಲ. ಓದುಗರಿಗೆ ವಿವರಿಸಬೇಕು.

ಒಂದು ಆರ್ಕ್ ತೆಗೆದುಕೊಳ್ಳಿ. ಅದರ 360 ಆಯ್ಕೆಗಳಲ್ಲಿ ಪ್ರತಿಯೊಂದನ್ನೂ ಪ್ರಮಾಣ ಬಿಂದುಗಳಿಗೆ ಒಯ್ದಾಗ, ಪ್ರಮಾಣ ಬಿಂದುಗಳನ್ನು ಒಳಗೊಂಡ ಅದೇ ಬಗೆಯ ಒಂದು ಆರ್ಕ್ ಸಿಗುತ್ತದೆ. ಆ ಬಗೆಯಲ್ಲಿ ಅಂಥ ಆರ್ಕ್ ಎಷ್ಟಿವೆಯೋ ಅಷ್ಟೂ ಹೀಗೆ ಸಿಗುತ್ತವೆ, ಯಾವುದೂ ತಪ್ಪುವುದಿಲ್ಲ. ಪ್ರತಿಯೊಂದೂ ಎಷ್ಟು ಬಾರಿ ಸಿಗುತ್ತದೆ? ಸಮ್ಮಿತಿಗಳ ಸಂಖ್ಯೆಯಷ್ಟು ಬಾರಿ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಆದ್ದರಿಂದ g ಸಮ್ಮಿತಿಗಳಿರುವ ಬಗೆಯೊಂದಕ್ಕೆ ಆ 70ರಲ್ಲಿ ಸೇರುವ ಪಾಲು 360÷g. 36 ಇದ್ದಲ್ಲಿ 10, ಕೋಷ್ಟಕದೊಂದಿಗೆ ತಾಳೆಯಾಯಿತು. 12 ಇದ್ದಲ್ಲಿ 30, ಕೋಷ್ಟಕದಲ್ಲಿ 60. ಹಾಗಾದರೆ ಆ ಬುಟ್ಟಿಯಲ್ಲಿ ಎರಡು ಬಗೆಗಳು ಸೇರಿಕೊಂಡಿವೆ, ಎರಡೇ ಸೇರಿಕೊಂಡಿವೆ. ಒಂದೇ ಒಂದು ಆರ್ಕ್ ಅನ್ನೂ ಕಣ್ಣಿಂದ ನೋಡದೆ ಇಷ್ಟನ್ನು ಖಚಿತವಾಗಿ ಹೇಳಬಹುದು.

ಇಲ್ಲಿ ನನ್ನ ವಾದ ಒಂದೇ. ಒಟ್ಟು ತಾಳೆಯಾದರೆ ವರ್ಗೀಕರಣ ಸರಿ ಎಂಬ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿಯಾಗಿ ಕೂತಿದೆ. ಅದು ಆಧಾರವಿಲ್ಲದ ನಂಬಿಕೆ. ಒಟ್ಟು ಮೊತ್ತ ಹಿಡಿಯುವುದು ಬಿಟ್ಟುಹೋದದ್ದನ್ನು. ಬೇರೆ ಬೇರೆಯಾದವುಗಳನ್ನು ಒಂದೆಂದು ಕಟ್ಟಿದರೆ ಏನೂ ಬಿಟ್ಟುಹೋಗುವುದಿಲ್ಲ, ಮೊತ್ತ ಅಲುಗಾಡುವುದಿಲ್ಲ. ಒಂದೇ ಬಗೆಯನ್ನು ಎರಡೆಂದು ಸೀಳಿದಾಗಲೂ ಅಷ್ಟೇ. ಈ ಎರಡು ತಪ್ಪುಗಳನ್ನು ಹಿಡಿಯುವುದು ಸಾಲು ಸಾಲಿಗೂ ಪ್ರತ್ಯೇಕವಾಗಿ ಮಾಡುವ 360÷gಯ ತಾಳೆ. ಕಟ್ಟಿದ್ದರೆ ಸಾಲಿನಲ್ಲಿ ಹೆಚ್ಚು ಕಾಣುತ್ತದೆ, ಸೀಳಿದ್ದರೆ ಕಡಿಮೆ.

ಇನ್ನೊಂದು ಮಾತು, ಇದು ಆಕೆಗೇ ಹೊಳೆದದ್ದು. ಪ್ರೋಗ್ರಾಮ್ ಪ್ರತಿ ಆರ್ಕ್‌ಗೂ 360 ಪ್ರತಿಬಿಂಬಗಳನ್ನು ಲೆಕ್ಕ ಹಾಕುತ್ತಲೇ ಇತ್ತು. ಮೂಲಕ್ಕೆ ಸಮವಾದವುಗಳನ್ನು ಮಾತ್ರ ಎಣಿಸಿ ಉಳಿದವನ್ನು ಎಸೆಯುತ್ತಿತ್ತು. ಎಸೆದದ್ದು ಆ ಬಗೆಯ ಸಂಪೂರ್ಣ ಪಟ್ಟಿ! ಅದನ್ನು ಎಸೆಯದೆ ಇಟ್ಟುಕೊಂಡರೆ ಕೀಲಿಯ ಹಂಗೇ ಬೇಕಿಲ್ಲ. ಕೆಲವೇ ಸಾಲುಗಳ ತಿದ್ದುಪಡಿಯಿಂದ ಪ್ರೋಗ್ರಾಮ್ 10, 30, 30 ಎಂದಿತು.

ಕೀಲಿಯ ಮಿತಿ

ಸಮ್ಮಿತಿಗಳ ಸಂಖ್ಯೆಯಂಥ ಲಕ್ಷಣಕ್ಕೆ ಗಣಿತದಲ್ಲಿ ಅಚರ ಎನ್ನುತ್ತಾರೆ. ರೂಪಾಂತರದಿಂದ ಅದು ಬದಲಾಗುವುದಿಲ್ಲ. ಹಳೆಯ ಶಾಲಾ ದಾಖಲೆಗಳಲ್ಲಿ "ಎಡಗೈ ಮೇಲೆ ಕಪ್ಪು ಮಚ್ಚೆ" ಎಂದು ಗುರುತು ಬರೆಯುತ್ತಿದ್ದರು. ಮಚ್ಚೆ ಇಲ್ಲದವನು ಆ ಹುಡುಗನಲ್ಲ ಎನ್ನಬಹುದು. ಮಚ್ಚೆ ಇದ್ದವರೆಲ್ಲ ಆ ಹುಡುಗನೇ ಎನ್ನಲಾಗದು. ಅಚರದ್ದೂ ಇದೇ ಹಣೆಬರಹ. ಅದು ಬೇರ್ಪಡಿಸಬಲ್ಲದು, ಒಂದಾಗಿಸಲಾರದು.

ಮೂರು ಬಗೆಗಳಲ್ಲಿ ಒಂದು ಸುಲಭವಾಗಿ ಸಿಗುತ್ತದೆ. ಪ್ರಮಾಣದ ನಾಲ್ಕು ಬಿಂದುಗಳ ಮೂಲಕ 8 ಶಾಂಕವಗಳು ಹಾದುಹೋಗುತ್ತವೆ. ಅವುಗಳಲ್ಲಿ 3 ಎರಡೆರಡು ರೇಖೆಗಳಾಗಿ ಒಡೆದವು, ನಿಜವಾದವು 5. ಪ್ರತಿಯೊಂದರ ಮೇಲೆ ಇನ್ನೂ 4 ಬಿಂದುಗಳಿದ್ದು, ಅವುಗಳಿಂದ 6 ಜೋಡಿಗಳಾಗುತ್ತವೆ. 5×6 ಎಂದರೆ 30. ಇವು ಶಾಂಕವದೊಳಗಿನ ಆರ್ಕ್‌ಗಳು, 12 ಸಮ್ಮಿತಿಯ ಒಂದು ಬಗೆ. ಉಳಿದ 40 ಯಾವ ಶಾಂಕವದ ಮೇಲೂ ಇಲ್ಲ.

ಉದಾಹರಣೆಗೆ ಐದನೆಯ ಬಿಂದು (1,2,3) ಇರಲಿ. ಅದರ ಏಳು ಜೊತೆಗಾರರಲ್ಲಿ (1,3,2), (1,5,6), (1,6,5) ಮೂರೂ ಶಾಂಕವದ ಮೇಲಿನವು. (1,3,4) ಸೇರಿಸಿದರೆ 36 ಸಮ್ಮಿತಿಯ ಆರ್ಕ್. (1,3,6), (1,4,2), (1,4,5) ಇವುಗಳಲ್ಲಿ ಯಾವುದನ್ನು ಸೇರಿಸಿದರೂ 12 ಸಮ್ಮಿತಿಯ ಇನ್ನೊಂದು ಬಗೆ. 3, 1, 3. ಇಪ್ಪತ್ತೂ ಬಿಂದುಗಳಿಗೆ ಇದೇ ಹಂಚಿಕೆ.

12ರ ಎರಡು ಬಗೆಗಳನ್ನು ಬೇರ್ಪಡಿಸುವ ಅಚರ ಯಾವುದು? ಆರು ಬಿಂದುಗಳನ್ನು ಎರಡೆರಡಾಗಿ ಜೋಡಿಸಿ ಮೂರು ರೇಖೆಗಳನ್ನೆಳೆಯುವ ರೀತಿಗಳು 15. ಕೆಲವು ಜೋಡಣೆಗಳಲ್ಲಿ ಮೂರೂ ರೇಖೆಗಳು ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಅದನ್ನು ಬ್ರಿಯಾಂಶೋನ್ ಬಿಂದು ಎನ್ನುತ್ತಾರೆ. ಇಂಥವು b ಇದ್ದರೆ, ಆರ್ಕ್‌ನ 15 ಛೇದಕಗಳೆಲ್ಲ (ಅದರ ಎರಡೆರಡು ಬಿಂದುಗಳನ್ನು ಸೇರಿಸುವ ರೇಖೆಗಳು) ಸೇರಿ 51+b ಬಿಂದುಗಳನ್ನು ಆವರಿಸುತ್ತವೆ. ಶಾಂಕವದೊಳಗಿನ ಆರ್ಕ್‌ಗೆ ಇನ್ನೂ ಎರಡು ಬಿಂದು ಸೇರಿಸಬಹುದು, ಆವರಿಸಿದ್ದು 55, ಆದ್ದರಿಂದ b = 4. ಶಾಂಕವದ ಹೊರಗಿನವಕ್ಕೆ ಒಂದು ಬಿಂದುವನ್ನೂ ಸೇರಿಸಲಾಗದು, ಏಕೆಂದರೆ ಈ ಸಮತಲದಲ್ಲಿ ಏಳು ಬಿಂದುಗಳ ಆರ್ಕ್‌ಗಳೆಲ್ಲ ಶಾಂಕವದೊಳಗಿನವೇ. ಅಲ್ಲಿ 57ಕ್ಕೆ 57 ಆವರಿಸಿವೆ, b = 6.

ಆಕೆ ಸಮ್ಮಿತಿಯ ಬದಲು ಬ್ರಿಯಾಂಶೋನ್ ಬಿಂದುಗಳನ್ನು ಕೀಲಿಯಾಗಿ ಆರಿಸಿಕೊಂಡಿದ್ದರೆ? 4ರ ಸಾಲಿನಲ್ಲಿ 30, 6ರ ಸಾಲಿನಲ್ಲಿ 40 ಬರುತ್ತಿತ್ತು. ಆಗಲೂ ಎರಡೇ ಬಗೆ, ಆದರೆ ಬೇರೆ ಎರಡು! ಒಂದು ಕೀಲಿ ಮೊದಲನೆಯದನ್ನೂ ಮೂರನೆಯದನ್ನೂ ಒಂದೆನ್ನುತ್ತದೆ, ಇನ್ನೊಂದು ಎರಡನೆಯದನ್ನೂ ಮೂರನೆಯದನ್ನೂ ಒಂದೆನ್ನುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟರೆ (12, 4), (36, 6), (12, 6) ಎಂದು ಮೂರೂ ಬೇರೆಯಾಗುತ್ತವೆ. ಇಷ್ಟು ಚಿಕ್ಕ ಸಮತಲ ಇಷ್ಟು ಅಚ್ಚುಕಟ್ಟಾದ ಬಲೆ ಹೆಣೆದಿರುವುದು ನನಗೆ ಈಗಲೂ ಸೋಜಿಗ.

36ರ ಆರ್ಕ್

ಪ್ರಕರಣಕ್ಕೆ ಅಗತ್ಯವಿಲ್ಲದಿದ್ದರೂ ಈ ಆರ್ಕ್ ಅನ್ನು ಹತ್ತಿರದಿಂದ ನೋಡದೆ ಹೋಗಲು ಮನಸ್ಸಿಲ್ಲ. ಅದನ್ನು ಬರೆಯುವ ಚೆಂದದ ರೀತಿ ಇದು: (1,0,0), (0,1,0), (0,0,1) ಒಂದು ತ್ರಿಭುಜ, (1,1,1), (1,2,4), (1,4,2) ಇನ್ನೊಂದು. 7ರ ಲೆಕ್ಕದಲ್ಲಿ 2×4 = 1, 2×2×2 = 1. ಅಂದರೆ 1, 2, 4 ಇಲ್ಲಿ ಒಂದರ ಘನಮೂಲಗಳು. 5ನೇ ದರ್ಜೆಯಲ್ಲಿ ಇಂಥ ಮೂರು ಸಂಖ್ಯೆಗಳೇ ಇಲ್ಲ.

ಮೊದಲ ತ್ರಿಭುಜದ ಶೃಂಗಗಳನ್ನು ಎರಡನೆಯದರ ಶೃಂಗಗಳಿಗೆ ಜೋಡಿಸಿ. (1,0,0)ಯನ್ನು (1,1,1)ಕ್ಕೆ ಸೇರಿಸುವ ರೇಖೆ y = z. (0,1,0)ಯನ್ನು (1,2,4)ಕ್ಕೆ ಸೇರಿಸುವುದು z = 4x. (0,0,1)ನ್ನು (1,4,2)ಕ್ಕೆ ಸೇರಿಸುವುದು y = 4x. ಮೂರೂ (1,4,4)ರಲ್ಲಿ ಕೂಡುತ್ತವೆ. ಜೋಡಣೆಯನ್ನು ಹೇಗೆ ಬದಲಿಸಿದರೂ, ಆರೂ ರೀತಿಗಳಲ್ಲಿ, ಮೂರು ರೇಖೆಗಳು ಒಂದು ಬಿಂದುವಿನಲ್ಲಿ ಕೂಡಿಯೇ ತೀರುತ್ತವೆ. ಆರು ಬ್ರಿಯಾಂಶೋನ್ ಬಿಂದುಗಳು ಇವೇ. ಕಾಗದದ ಮೇಲೆ ಸ್ಕೇಲ್ ಹಿಡಿದು ಇಂಥ ಎರಡು ತ್ರಿಭುಜಗಳನ್ನು ಬರೆಯಲು ಹೊರಟರೆ ಸೋಲು ಖಚಿತ: ಒಂದರ ಘನಮೂಲಗಳು ಮೂರೂ ಬೇಕಾಗುವುದರಿಂದ ವಾಸ್ತವ ಸಂಖ್ಯೆಗಳು ಸಾಲುವುದಿಲ್ಲ.

ಇದೇ ಪ್ರಶ್ನೆ, ದೊಡ್ಡ ಗಾತ್ರದಲ್ಲಿ

ಸಮ ದರ್ಜೆಯ ಸಮತಲಗಳಲ್ಲಿ ಸೆಗ್ರೆಯ ಪ್ರಮೇಯ ನಡೆಯುವುದಿಲ್ಲ. ಅಲ್ಲಿ q+2 ಬಿಂದುಗಳ ಆರ್ಕ್‌ಗೆ ಹೈಪರ್‌ಓವಲ್ ಎಂಬ ಹೆಸರು. ಶಾಂಕವಕ್ಕೆ ಅದರ ಸ್ಪರ್ಶರೇಖೆಗಳೆಲ್ಲ ಕೂಡುವ ಬಿಂದುವನ್ನು ಸೇರಿಸಿದರೆ ಒಂದು ಹೈಪರ್‌ಓವಲ್ ಸಿಗುತ್ತದೆ. ಬೇರೆಯವೂ ಇವೆಯೇ? 16ನೇ ದರ್ಜೆಯಲ್ಲಿ ಇದೆ ಎಂದು ಲುನೆಲ್ಲಿ ಮತ್ತು ಶೆ 1958ರಲ್ಲಿ ಕಂಪ್ಯೂಟರಿನಿಂದ ಕಂಡುಹಿಡಿದರು. ಅಷ್ಟೇ ಇರುವುದು, ಒಟ್ಟು ಎರಡೇ ಬಗೆ ಎಂದು ಮಾರ್ಷಲ್ ಹಾಲ್ ತೋರಿಸಿದ್ದು 1975ರಲ್ಲಿ. ಇದೆ ಎನ್ನುವುದಕ್ಕೂ ಇಷ್ಟೇ ಎನ್ನುವುದಕ್ಕೂ ನಡುವೆ 17 ವರ್ಷ. ಕಂಪ್ಯೂಟರಿಲ್ಲದ ಸಾಧನೆ ಬಂದದ್ದು 1991ರಲ್ಲಿ, ಓಕೀಫ್ ಮತ್ತು ಪೆಂಟಿಲಾ ಅವರಿಂದ. ಶಾಂಕವದಿಂದ ಬಂದ ಬಗೆಗೆ 16,320 ಸಮ್ಮಿತಿಗಳು, ಇನ್ನೊಂದಕ್ಕೆ 144. ಹಾಗಾಗಿ ಮೊದಲನೆಯ ಬಗೆಯವು 10,48,320 ಇದ್ದರೆ ಎರಡನೆಯವು 11,88,09,600. ವಿಚಿತ್ರವಾದದ್ದೇ ನೂರು ಪಟ್ಟಿಗೂ ಮಿಕ್ಕಿ ಇದೆ.

32ನೇ ದರ್ಜೆಯಲ್ಲಿ ಆರು ಬಗೆ ಎಂದು ಪೆಂಟಿಲಾ ಮತ್ತು ರಾಯ್ಲ್ 1994ರಲ್ಲಿ ಮುಗಿಸಿದರು. 64ನೇ ದರ್ಜೆಯಲ್ಲಿ ನಾಲ್ಕು ಎಂದು ವಾಂಡೆಂಡ್ರಿಸ್ಶೆ 2019ರಲ್ಲಿ ತೋರಿಸಿದರು. 64ನೇ ದರ್ಜೆಯ ಸಮತಲದಲ್ಲಿ 4,161 ಬಿಂದುಗಳಿವೆ. ಅವುಗಳಿಂದ 66ನ್ನು ಆರಿಸಬೇಕು. ಅಲ್ಲಿ ಹುಡುಕಾಟ ಅರ್ಧಕ್ಕೇ ನಿಲ್ಲದಂತೆ ಸಮ್ಮಿತಿಗಳನ್ನು ಹೆಜ್ಜೆಹೆಜ್ಜೆಗೂ ಬಳಸದೆ ಗತಿಯಿಲ್ಲ.

ಇದರಿಂದೇನು ಉಪಯೋಗ ಎಂದು ಕೇಳುವವರಿಗೆ ಒಂದೇ ಮಾತು. ಚಹಾದಂಗಡಿಯಲ್ಲಿ ಹಣ ಕೊಡಲು ಮೊಬೈಲ್ ಹಿಡಿಯುವ ಕ್ಯೂಆರ್ ಚೌಕದೊಳಗೆ 1960ರ ರೀಡ್–ಸಾಲೊಮನ್ ಕೋಡ್ ಇದೆ. ಅಲ್ಲಲ್ಲಿ ಮಸುಕಾದ ಚೌಕವೂ ಓದಲು ಬರುವುದು ಅದರಿಂದ. ಆ ಕುಟುಂಬದ ಮೂರು ಆಯಾಮದ ಕೋಡ್‌ಗಳನ್ನು ರೇಖಾಗಣಿತದ ಕಣ್ಣಿನಿಂದ ನೋಡಿದರೆ ಕಾಣುವುದು ಶಾಂಕವದ ಮೇಲಿನ ಬಿಂದುಗಳೇ.

ಅಂತಿಮ ವರದಿ

ಸಲ್ಲಿಸಿದ ವರದಿಯ ಕೋಷ್ಟಕದಲ್ಲಿ ಮೂರು ಸಾಲುಗಳಿವೆ. ಸಮ್ಮಿತಿ, ಬ್ರಿಯಾಂಶೋನ್ ಬಿಂದು, ಸಿಕ್ಕ ಆರ್ಕ್‌ಗಳು, ಕೊನೆಗೆ 360÷g. ಕೊನೆಯ ಎರಡು ಕಂಬಗಳು ಪ್ರತಿ ಸಾಲಿನಲ್ಲೂ ಒಂದೇ. ಇಡೀ ಸಮತಲಕ್ಕೆ ಹಿಗ್ಗಿಸಿದರೆ ಆರು ಬಿಂದುಗಳ ಆರ್ಕ್‌ಗಳು 10,94,856: ಶಾಂಕವದೊಳಗಿನವು 4,69,224, ಶಾಂಕವದ ಹೊರಗೆ 12 ಸಮ್ಮಿತಿಯವು ಅಷ್ಟೇ 4,69,224, 36 ಸಮ್ಮಿತಿಯವು 1,56,408. ಮೌಖಿಕ ಪರೀಕ್ಷೆಯಲ್ಲಿ ಯಾರೂ ಆ ಕೊನೆಯ ಕಂಬದ ಬಗ್ಗೆ ಕೇಳಲಿಲ್ಲವಂತೆ. ನನಗೆ ಕೊಂಚ ಬೇಸರವಾಯಿತು, ಆಕೆಗಲ್ಲ.

ಆಕೆ ಈಗ 8ನೇ ದರ್ಜೆಗೆ ಕೈಹಾಕಿದ್ದಾಳೆ. ಅಲ್ಲಿ ಸಂಖ್ಯೆಗಳು ಎಂಟು, ಕೂಡುವ ಗುಣಿಸುವ ನಿಯಮಗಳು ಶೇಷದ ಲೆಕ್ಕವಲ್ಲ. ಪ್ರತಿ ನಿರ್ದೇಶಾಂಕವನ್ನೂ ಅದರ ವರ್ಗಕ್ಕೆ ಬದಲಿಸಿದರೆ ರೇಖೆಗಳು ರೇಖೆಗಳಾಗಿಯೇ ಉಳಿಯುತ್ತವೆ, ಪ್ರಮಾಣದ ನಾಲ್ಕು ಬಿಂದುಗಳೂ ಕದಲುವುದಿಲ್ಲ. ಹೀಗಾಗಿ ನಾಲ್ಕು ಬಿಂದುಗಳನ್ನು ಪ್ರಮಾಣಕ್ಕೆ ಒಯ್ಯುವ ರೂಪಾಂತರ ಒಂದಲ್ಲ, ಮೂರು. ತಾಳೆಯ ಕಂಬದ ತಲೆಬರಹವನ್ನು ಆಕೆ ಮೊದಲೇ 1080÷g ಎಂದು ಬರೆದಿಟ್ಟುಕೊಂಡಿದ್ದಾಳೆ. ಸಾಲುಗಳು ಇನ್ನೂ ಖಾಲಿ ಇವೆ.